ಅಟ್ಟೂರಿನ ಗುಡಿಯಲ್ಲಿ ನಿನ್ನ ಗದೆ

ಅಪ್ಪಾ, ಸತ್ತವರಿಗೆ ಅಂಚೆಯಿಲ್ಲ. ಆದರೂ ಕೇಳು!

ಇಂದು ಅಟ್ಟೂರಿನ ನಮ್ಮ ಗುಡಿ ನೋಡಲು ಪೇಟೆಯ ಪ್ರವಾಸಿಗರು ದಯಮಾಡಿಸಿದ್ದರು, ತಂಪು ಕನ್ನಡಕದ ಮಹಾಪ್ರಭುಗಳು! ಕಡೆಯ ನಾಟಕವಾಡಿದ ಮರುದಿನ ನೀನು ನನಗೆ ಕೊಡದೆ ದೇವರಿಗೆ ಒಪ್ಪಿಸಿದ ಮರದ ಗದೆಯನ್ನು ತೋರಿಸಿ ಗೈಡು ಗರ್ಜಿಸಿದ: "ಪಾಳೇಗಾರರ ಗದೆ ಕಣ್ರೀ, ಐನೂರು ವರ್ಷದ್ದು!"

ನೀನು ಬೆಳ್ಳಿಬಣ್ಣ ಬಳಿದ ಟೊಳ್ಳು ಮರಕ್ಕೆ ಕೈಮುಗಿದರು, ಮೂಢರು! ಒಬ್ಬ ದಢಿಯ ಅದನ್ನೆತ್ತಿ, "ಅಬ್ಬಾ, ಏನ್ ತೂಕ ಗುರು!" ಎಂದು ತಿಣುಕಿದ. ಇಂಥ ನಟನೆಗೆ ನಿನ್ನ ಕಾಲದಲ್ಲಿ ಶಿಳ್ಳೆ ಹೊಡೆದು ರಂಗದಿಂದ ಇಳಿಸುತ್ತಿದ್ದರು.

"ನೀವೂ ಎತ್ತಿ ಯಜಮಾನ್ರೇ," ಎಂದ ಗೈಡು. ಎಲ್ಲರೆದುರು ನಿಜ ಹೇಳಿ ಅವನ ಮಾನ ಕಳೆಯಲೆಂದೇ ಮುಂದೆ ಹೋದೆ. ನಿನ್ನ ಗದೆ ಮೊದಲ ಸಲ ನನ್ನ ಕೈಗೆ ಬಂತು.

ಎತ್ತಲಾಗಲಿಲ್ಲ, ಅಪ್ಪಾ.

"ನೋಡಿದ್ರಾ, ಊರವ್ರಿಗೇ ಆಗ್ತಿಲ್ಲ!" ಎಂದು ಗೈಡು ಕುಣಿದಾಡಿದ. ನಾನು ಅಲ್ಲವೆನ್ನಲಿಲ್ಲ.