ಹಳದಿ ಬಣ್ಣದಡಿಯ ಗೀರು

ಸರಕು ಸಾಗಣೆ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿ ಪಾಸು ಮಾಡಿದ ಕೊಕ್ಕೆಯೊಂದು ನನ್ನ ಹೊಲಿಗೆ ಯಂತ್ರದ ಮೇಲಿದೆ. ಲಾರಿಯ ಸರಕು ಬಿಗಿಯುವ ಸರಪಳಿಯ ತುದಿಯಲ್ಲಿರುತ್ತದಲ್ಲ, ಆ ಕೊಕ್ಕೆ. ನನ್ನ ಗಂಡನನ್ನು ಕೊಂದದ್ದು ಇದೇ. ಸೋಮವಾರ ತಮ್ಮ ತಪಾಸಣೆ ಇದೆಯಂತೆ, ಅದಕ್ಕೇ ಲಾರಿ ಯಾರ್ಡಿನವರು ವಾಪಸ್ ಕೇಳುತ್ತಿದ್ದಾರೆ. ನಾನು ಕೊಡುವುದಿಲ್ಲ.

ಅಳುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಅಳು ಬರುತ್ತಿಲ್ಲ. ಗಿರಾಕಿಗಳ ಬಟ್ಟೆ ಹೊಲಿಯುತ್ತೇನೆ. ಯಾರಾದರೂ ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತೇನೆ. ಆಗಿತ್ತೋ ಇಲ್ಲವೋ ನೆನಪಿರುವುದಿಲ್ಲ.

ಸರಪಳಿ ಎಷ್ಟು ಗಟ್ಟಿಯೋ ಕೊಕ್ಕೆಯೂ ಅಷ್ಟೇ ಗಟ್ಟಿಯಿರಬೇಕು, ಬಾಯಿ ಅಗಲವಾದದ್ದನ್ನು ಮುಟ್ಟಬಾರದು ಎನ್ನುವುದು ಲಾರಿ ಓಡಿಸುತ್ತಿದ್ದ ನನ್ನವರ ನಿತ್ಯಪುರಾಣ. ಒಮ್ಮೆ ಊಟಕ್ಕೆ ಕೂತಾಗ ಕೇಳಿದರು: "ಬ್ಲೌಸಿನ ಹುಕ್ಕು ಬಾಯಿ ಬಿಟ್ರೆ ಏನ್ಮಾಡ್ತೀಯ?"

"ಕಿತ್ತು ಹೊಸದು ಹಾಕ್ತೀನಿ."

"ನಮ್ಮಲ್ಲಿ ಬೆಂಕಿಗಿಟ್ಟು ಬಡಿದು ಬಾಯಿ ಮುಚ್ಚಿಸ್ತಾರೆ ಕಣೆ. ಕಾಯಿಸಿದ್ರೆ ಅದರ ಗಟ್ಟಿತನ ಹೋಯ್ತು. ನೋಡೋಕೆ ಮಾತ್ರ ಮದುಮಗ."

ಅಂದು ಅಂಥದ್ದೇ ಒಂದರ ಕತ್ತಿನ ಮೇಲೆ ಅರದಿಂದ ಗೀರು ಹಾಕಿ ಮೂಲೆಗೆ ಎಸೆದು ಬಂದಿದ್ದರು. ಡ್ರೈವರುಗಳಲ್ಲಿ ಅದು ರೂಢಿ. ಗೀರು ಕಂಡರೆ ಯಾರೂ ಅದರಿಂದ ಕಟ್ಟುವುದಿಲ್ಲ.

ಆಮೇಲೆ ತಮ್ಮ ಆದೇಶ ಬಂತು. ದೂರದಿಂದಲೂ ಎದ್ದು ಕಾಣುವಂತೆ ಕೊಕ್ಕೆಗಳಿಗೆಲ್ಲ ಹಳದಿ ಬಣ್ಣ ಬಳಿಯತಕ್ಕದ್ದು, ಸುರಕ್ಷತೆಯ ಹಿತದೃಷ್ಟಿಯಿಂದ. ಯಾರ್ಡಿನವರು ವಿಧೇಯರು. ಮೂಲೆಯಲ್ಲಿ ಬಿದ್ದವನ್ನೂ ಎತ್ತಿ, ಬಡಿದು, ಬಣ್ಣದ ಡಬ್ಬಿಯಲ್ಲಿ ಅದ್ದಿ ಸಾಲಾಗಿ ನೇತುಹಾಕಿದರು. ಬಿರುಕು ಮುಚ್ಚಿತು, ತಯಾರಕರ ಮುದ್ರೆ ಮುಚ್ಚಿತು, ಗೀರೂ ಮುಚ್ಚಿತು. ತಮ್ಮ ಸಿಬ್ಬಂದಿ ಬಂದು ಒಂದನ್ನೂ ಕೈಗೆತ್ತಿಕೊಳ್ಳದೆ ಒಪ್ಪಿಗೆ ಕೊಟ್ಟರು. ಅವರದೇನು ತಪ್ಪು? ಹಳದಿ ಹಳದಿಯಾಗಿಯೇ ಇತ್ತಲ್ಲ.

ಅಂದು ಗೀರು ಹಾಕಿ ಎಸೆದದ್ದನ್ನೇ ನನ್ನವರು ಗುರುತು ಸಿಗದೆ ತೆಗೆದುಕೊಂಡು ಕಬ್ಬಿಣದ ಪೈಪುಗಳನ್ನು ಕಟ್ಟಿದರು. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಕಟ್ಟು ನೋಡುವುದು ಅವರ ಅಭ್ಯಾಸ. ಅಂದೂ ಇಳಿದರು. ಸಡಿಲವಾಗಿದ್ದ ಸರಪಳಿಯನ್ನು ಬಿಗಿಯುವಾಗ ಕೊಕ್ಕೆ ಬಾಯಿ ಬಿಟ್ಟಿತು, ಪೈಪುಗಳು ಉರುಳಿದವು. ತಮ್ಮ ವರದಿ ಹೇಳುತ್ತದೆ: ಚಾಲಕನ ಅಜಾಗರೂಕತೆ. ಇಳಿದು ನೋಡದೆ ಹೋಗಿದ್ದರೆ ಅದನ್ನು ಏನೆಂದು ಕರೆಯುತ್ತಿದ್ದಿರಿ?

ಈಗ ಆ ಲಾರಿಯನ್ನು ನನ್ನ ಮೈದುನ ಓಡಿಸುತ್ತಾನೆ. ತನಿಖೆ ಮುಗಿದು ಯಾರ್ಡಿಗೆ ಮರಳಿದ ಕೊಕ್ಕೆ ಮತ್ತೆ ಪೆಟ್ಟು ತಿಂದು, ಮತ್ತೆ ಬಣ್ಣ ಹಚ್ಚಿಸಿಕೊಂಡು ಅವನ ಕೈಗೇ ಬಂತು. ಅನುಮಾನವಾಗಿ ಸ್ಪ್ಯಾನರಿನಿಂದ ಕೆರೆದ. ಕತ್ತಿನ ಮೇಲೆ ತನಿಖೆಯವರು ಕೊರೆದ ನಂಬರು, ಅದರ ಪಕ್ಕದಲ್ಲೇ ಅಣ್ಣನ ಗೀರು ಸಿಕ್ಕಿತು. ತಂದು ನನ್ನ ಮುಂದಿಟ್ಟ.

ನಿನ್ನೆ ಬಂದಿದ್ದ. "ಅತ್ತಿಗೆ, ಕೊಟ್ಬಿಡಿ. ಒಂದು ಕಮ್ಮಿಯಾದ್ರೆ ನನ್ನ ಕೆಲಸಕ್ಕೆ ಕುತ್ತು."

"ಹೋದ್ರೆ ಹೋಗ್ಲಿ ಬಿಡು."

"ಇದೊಂದನ್ನ ಇಟ್ಕೊಂಡು ಏನ್ಮಾಡ್ತೀರಿ? ಬೇರೆ ಯಾವುದಕ್ಕೆ ಗೀರಿದೆಯೋ ಯಾರಿಗೆ ಗೊತ್ತು. ಮಂಗಳವಾರ ನಂದೂ ಪೈಪಿನ ಲೋಡೇ."

ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಸೋಮವಾರ ತಾವೇ ಬನ್ನಿ. ಪ್ರತಿ ಕೊಕ್ಕೆಯ ಬಣ್ಣ ಕೆರೆಸಿ ನೋಡಿ. ಬಾಯಿ ಬಿಟ್ಟದ್ದು, ಬಿರುಕು ಬಿಟ್ಟದ್ದು, ಬೆಂಕಿ ಕಂಡದ್ದು, ಗೀರಿರುವುದು, ಸರಪಳಿಗೆ ಸಮನಲ್ಲದ್ದು, ಎಲ್ಲವನ್ನೂ ಕಣ್ಣೆದುರೇ ಎರಡು ತುಂಡು ಮಾಡಿಸಿ. ಆಗದಿದ್ದರೆ ಮಂಗಳವಾರ ನನ್ನ ಮೈದುನನ ಬದಲು ತಾವೇ ಲಾರಿಯ ಪಕ್ಕ ನಿಂತು ಆ ಸರಪಳಿ ಬಿಗಿಯಿರಿ.

ನನ್ನ ಬಳಿಯಿರುವುದನ್ನು ಮಾತ್ರ ತುಂಡು ಮಾಡಬೇಡಿ. ಅದರಿಂದ ಕಟ್ಟಬಾರದೆಂದು ನನ್ನವರು ಹೇಳಿದ್ದು ಅದರ ಮೇಲೇ ಇದೆ.

ಇಂತಿ,
ಇಳಿದು ನೋಡಿದ ಅಜಾಗರೂಕ ಚಾಲಕನ ಹೆಂಡತಿ