ಗೇಣಗಲದ ಅಂಚು

ಅಪ್ಪಾ,

ಕೋಪದಲ್ಲೇ ಬರೆಯುತ್ತಿದ್ದೇನೆ. ನೀನಿದ್ದಾಗ ನಾನು ಎದುರು ಮಾತಾಡಿದರೆ ನೀನು ಎದ್ದು ಹೋಗುತ್ತಿದ್ದೆ. ಈಗ ಎಲ್ಲಿಗೆ ಹೋಗುತ್ತೀಯ, ಕೇಳು.

ನಾವಿನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ ಕಾಲ. ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದ ಒಂದು ಕುಟುಂಬ ಕೊಳ್ಳೇಗಾಲದ ನಮ್ಮ ಅಂಗಡಿಗೆ ಬಂದು, ಗೇಣಗಲದ ಜರಿ ಅಂಚಿನ ರೇಷ್ಮೆ ಸೀರೆ ನಾಲ್ಕನ್ನು ಒಂದೇ ಸಲಕ್ಕೆ ಕೊಂಡಿತು. ಅಂದಿನಿಂದ ಮೂರೂ ಮಗ್ಗದಲ್ಲಿ ಅದೇ ಅಂಚು. ಸೀರೆಗಳು ಬೀರುವಿನಲ್ಲಿ ಕೊಳೆಯುತ್ತಿದ್ದರೂ ಬಾಯಿ ತೆರೆದರೆ ನೀನು ಆ ನಾಲ್ಕರ ಕತೆಯನ್ನೇ ಹೇಳುತ್ತಿದ್ದೆ. ಹೋಗದೆ ಉಳಿದವು ನಿನ್ನ ಕಣ್ಣಿಗೆ ಬೀಳಲೇ ಇಲ್ಲವಾ?

ಧನಗೆರೆಯಿಂದ ನೇಯಲು ಬರುತ್ತಿದ್ದ ನಂಜುಂಡಣ್ಣನನ್ನು ಕರೆದು ಅಂಚು ಹೇಗಿದೆ ಅಂತ ನೀನು ಕೇಳಿದೆ. ನಮ್ಮ ಮಗ್ಗದಿಂದ ಅನ್ನ ಉಣ್ಣುವವನು ಚೆನ್ನಾಗಿಲ್ಲ ಅಂತಾನಾ? ಕೋಲೆ ಬಸವನ ಹಾಗೆ ತಲೆಯಾಡಿಸಿದ. ಸೀರೆ ಕೊಂಡವರನ್ನೂ ನೀನು ಕೇಳಿದೆ. ಹಿಡಿಸಿದ್ದಕ್ಕೆ ತಾನೇ ಅವರು ಕೊಂಡದ್ದು!

ಯಳಂದೂರಿನ ಟೀಚರೊಬ್ಬರು ಸೀರೆಯನ್ನು ಹೆಗಲಿಗೆ ಹಾಕಿ ನೋಡಿ, ಮಡಚಿಟ್ಟು ಹೊರಟಾಗ ನಾನು ಬೀದಿಯವರೆಗೂ ಹಿಂದೆ ಹೋದೆ. ಭಾರ, ಇಡೀ ದಿನ ನಿಂತು ಪಾಠ ಮಾಡುವವಳಿಗೆ ಆಗಲ್ಲ, ಅಂಚು ಸಣ್ಣದಿದ್ದರೆ ತಗೊಳ್ಳುತ್ತಿದ್ದೆ ಅಂದರು. ಬಂದು ನಿನಗೆ ಹೇಳಿದರೆ ನಕ್ಕುಬಿಟ್ಟೆ.

"ತಕಳ್ದೆ ಹೋದೋಳ ಮಾತು ಕಟ್ಕಂಡು ನಮಗೇನಾಗ್ಬೇಕವ್ವ? ನಿಮ್ಮವ್ವನ್ನೇ ನೋಡು, ಇಪ್ಪತ್ತೊರ್ಸದಿಂದ ಉಡ್ತಾವ್ಳೆ. ಒಂದಿನ ಭಾರ ಅಂದವ್ಳಾ?"

ಎರಡು ಮಗ್ಗ ನಿಂತವು. ನಂಜುಂಡಣ್ಣ ಗಾರೆ ಕೆಲಸಕ್ಕೆ ಹೋದ. ಆಗಲೂ ಕಾಲ ಕೆಟ್ಟಿತು ಅಂದೆಯೇ ಹೊರತು, ಒಂದು ಸಲವಾದರೂ ಅಂಚನ್ನು ಅನುಮಾನಿಸಲಿಲ್ಲ ಅಪ್ಪ.

ನಿನ್ನ ವರ್ಷದ ತಿಥಿ ಮುಗಿದ ಮೇಲೆ ಅವ್ವನ ಸೀರೆಗಳ ಮಡಿಕೆ ಬದಲಿಸಿಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅವ್ವ, "ಭಾರ ಕಣವ್ವ ಇವು. ಉಟ್ಟಾಗೆಲ್ಲ ಸೊಂಟ ಬಿದ್ದೋಯ್ತಿತ್ತು" ಅಂದಳು. ಅಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ರೇಗಿದೆ.

"ಅವ್ರು ಯಾವತ್ತು ಕೇಳುದ್ರು?"

ಉಳಿದೊಂದು ಮಗ್ಗದಲ್ಲಿ ಈಗ ಎರಡು ಬೆರಳಗಲದ ಅಂಚು. ಅದೂ ನಿಂತರೆ ನಮ್ಮ ನೇಯ್ಗೆ ಮುಗಿದಂತೆ. ಮೊನ್ನೆ ಮೊದಲ ಸೀರೆ ಇಳಿಯಿತು. ಅವ್ವನ ಹೆಗಲಿಗೆ ಹಾಕಿ ಕೇಳಿದೆ. ಚೆನ್ನಾಗಿದೆ ಅಂದಳು. ಹಿಗ್ಗಿಹೋದೆ, ಥೇಟ್ ನಿನ್ನ ಮಗಳು. ಆಮೇಲೆ ನಾಚಿಕೆಯಾಗಿ ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ಅವ್ವ ನನ್ನ ಮುಖ ನೋಡಿ, ಬಣ್ಣ ಹಿಡಿಸಲಿಲ್ಲ ಅಂದಳು.

ಅದು ನಾನೇ ಆರಿಸಿದ ಬಣ್ಣ. ಎಲ್ಲಿಲ್ಲದ ಸಿಟ್ಟು ಬಂತು ಅಪ್ಪ. ಆದರೂ ಅವಳ ಪಕ್ಕ ಕೂತು, ಯಾಕೆ ಅಂತ ಕೇಳಿದೆ.