ಬೇಗಬೀಗ ಡಾಟ್ ಕಾಮ್

ಮಂಗಳವಾರ, ಅಂಗಡಿಯಿಂದ

ಮನೆ ಬಿಟ್ಟ ಯಜಮಾನರಿಗೆ, ಅಂಗಡಿ ಬಿಡದ ಹೆಂಡತಿಯ ನಮಸ್ಕಾರಗಳು.

ಇದು ಬರೀ ವ್ಯವಹಾರದ ಪತ್ರ. ಭಾವನವರ ಮನೆಯಲ್ಲಿ ಕಾಲು ಚಾಚಿಕೊಂಡು ಓದಿದರೂ ಅಡ್ಡಿಯಿಲ್ಲ.

ನಮ್ಮ ಬೀಗ ರಿಪೇರಿ ಅಂಗಡಿಯ ವೆಬ್‌ಸೈಟ್, ನೀವು ಹಠ ಹಿಡಿದು ಇಟ್ಟ ಹೆಸರಿನಲ್ಲೇ ಶುರುವಾಗಿದೆ. ಜನ ಹುಡುಕುವ ಪದಗಳೆಲ್ಲ ಹೆಸರಿನಲ್ಲಿದ್ದರೆ ಗೂಗಲ್ ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸುತ್ತದೆ ಎಂದು ‘ಅಗ್ಗತುರ್ತುಬೀಗಕೀಲಿಬಾಗಿಲುರಿಪೇರಿಹತ್ತಿರ ಡಾಟ್ ಕಾಮ್’ ಎಂಬ ಗೂಡ್ಸ್ ರೈಲು ಬಿಟ್ಟಿರಿ. ನಾನು ‘ಬೇಗಬೀಗ’ ಸಾಕು ಅಂದೆ. ವೆಬ್‌ಸೈಟ್ ಮಾಡುವ ಹುಡುಗಿಯ ಎದುರೇ ನಕ್ಕು, “ಪ್ರಾಸ ಸಿಕ್ಕಿದ್ರೆ ಇವಳಿಗೆ ಊಟಾನೂ ಬೇಡ. ಪದ್ಯ ಹುಡುಕ್ಕೊಂಡು ಯಾರಮ್ಮ ಬರ್ತಾರೆ?” ಅಂದಿರಿ. ನೀವು ಅವಳನ್ನು ಗೇಟಿನವರೆಗೆ ಬಿಟ್ಟು ಬರುವಷ್ಟರಲ್ಲಿ ನಾನು ಮನೆಗೆ ಒಳಗಿನಿಂದ ಬೀಗ ಹಾಕಿಕೊಂಡಿದ್ದೆ.

ಈಗ ರೈಲಿನ ಸಮಾಚಾರ. ‘ಅಗ್ಗ’, ‘ಬಾಗಿಲು’ ನೋಡಿದವರು ಬಾಗಿಲು ಕೊಳ್ಳಲು ಫೋನ್ ಮಾಡುತ್ತಾರೆ. ಒಬ್ಬರಿಗೆ ಜೊತೆಗೆ ಕಿಟಕಿಯೂ ಬೇಕಿತ್ತು. ಕೀಲಿ ಮರೆತು ಹೊರಗೇ ನಿಂತಿದ್ದ ಮೇಷ್ಟರಿಗೆ ಬೇಕರಿಯವನು ನಮ್ಮ ವೆಬ್‌ಸೈಟಿನ ಹೆಸರು ಹೇಳತೊಡಗಿದನಂತೆ. ‘ರಿಪೇರಿ’ಗೆ ಬರುವಷ್ಟರಲ್ಲಿ ಮೇಷ್ಟರ ಹೆಂಡತಿಯೇ ಕೀಲಿ ಹಿಡಿದು ಬಂದರು. ಗಿರಾಕಿ ಹೋದರು, ಹೆಸರು ಇನ್ನೂ ಮುಗಿದಿರಲಿಲ್ಲ.

ಹುಡುಗಿಯೂ ಅದನ್ನೇ ಹೇಳಿದಳು: “ಆಂಟಿ, ಪದ ತುರುಕಿದ್ರೆ ಗೂಗಲ್‌ಗೂ ಅನುಮಾನ ಬರುತ್ತೆ. ಹೆಸರು ಚಿಕ್ಕದಾಗಿ ನೆನಪಲ್ಲಿರ್ಲಿ, ಬೇಕಾದ ಪದ ಒಂದಿದ್ರೆ ಸಾಕು.” ನಾನು ಹೇಳಿದ ಹೆಸರಿನಲ್ಲಿ ‘ಬೀಗ’ ಇದೆಯೋ ಇಲ್ಲವೋ ನೀವೇ ನೋಡಿ. ನಾನೇನೂ ಬೀಗುತ್ತಿಲ್ಲ.

ಇನ್ನೊಂದು ಮಾತು. ಅಂದು ನೀವು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರಿ. ನಿಮ್ಮ ಕೈಗೆ ಆ ಬೀಗ ಒಂದು ತಂತಿಯ ಕೆಲಸ. ನಾನು ಬಾಗಿಲಿಗೆ ಕಿವಿಯಿಟ್ಟು ‘ಟಕ್’ ಎನ್ನುವ ಸದ್ದಿಗೆ ಕಾದೆ. ಚಪ್ಪಲಿಯ ಸದ್ದು ಕೇಳಿಸಿತು, ಅದೂ ದೂರವಾಯಿತು. ಕಲ್ಲು ಮನುಷ್ಯ ಅಂದುಕೊಂಡೆ. ಮರುದಿನ ಅಂಗಡಿ ತೆಗೆದಾಗ ನೀವೇ ಬರೆಸಿದ ಬೋರ್ಡು ಕಣ್ಣಿಗೆ ಬಿತ್ತು: ‘ಮನೆಯವರು ಹೇಳದೆ ಬೀಗ ತೆರೆಯುವುದಿಲ್ಲ.’ ಅಯ್ಯೋ ದೇವರೇ, ಸ್ವಂತ ಮನೆಗೂ ಅದೇ ನಿಯಮವೇ?

ಇರಲಿ. ಹೆಸರು ಬದಲಿಸಲು ನೀವೇ ಬಂದು ಒಪ್ಪಿಗೆ ಕೊಡಬೇಕಂತೆ. ಅದಕ್ಕಾಗಿ ಈ ಪತ್ರ, ಬೇರೇನಿಲ್ಲ.

ಇತಿ,
ಅಂಗಡಿಯಲ್ಲಿ ನಿಮ್ಮ ಜೊತೆಗಾತಿ,
ಮನೆಯಲ್ಲಿ ಜಗಳಗಾತಿ

ಮರೆತಿದ್ದೆ: ನಿಮ್ಮ ಪದ್ಧತಿಯಲ್ಲೇ ಇನ್ನೊಂದು ಹೆಸರು ಕೊಂಡಿದ್ದೇನೆ. ‘ಹೆಂಡತಿಬಾಗಿಲುತೆಗೀತಿಲ್ಲ ಡಾಟ್ ಕಾಮ್.’ ಗಿರಾಕಿಯ ಬಾಯಲ್ಲಿರುವ ಪದವನ್ನೇ ಆರಿಸಬೇಕು ಅನ್ನುತ್ತಿದ್ದವರು ನೀವೇ ತಾನೇ? ನಿಜವಾಗಿಯೂ ಮೊದಲ ಸಾಲಿನಲ್ಲಿದ್ದೇವೆ. ಊರಿನ ಗಂಡಸರ ಫೋನು ನಿಲ್ಲುತ್ತಿಲ್ಲ, ನನಗೆ ಬೇಕಾದ ಗಿರಾಕಿಯದು ಮಾತ್ರ ಇನ್ನೂ ಬಂದಿಲ್ಲ. ತೆರೆದು ನೋಡಿ. ಆ ಪುಟದಲ್ಲಿ ಅಂಗಡಿಯ ಫೋನ್ ನಂಬರು ಬಿಟ್ಟರೆ ಇರುವುದು ಒಂದೇ ಸಾಲು: ‘ಮನೆಯವರು ಹೇಳಿದ್ದಾರೆ, ಬೀಗ ತೆಗೆದು ಒಳಗೆ ಬನ್ನಿ.’